ಮಕ್ಕಳನ್ನು ಜ್ವರಕ್ಕೆ ಕೂರಿಸುವ ಗಂಗುಲಮ್ಮ

"ಏನಪ್ಪಾ, ಸೊಂಟದಾಗೆ ಏನೈತೆ?"

"ಏನೂ ಇಲ್ಲಮ್ಮ."

"ಏನೂ ಇಲ್ದೆ ಪಂಚೆ ಯಾಕಪ್ಪ ಅಷ್ಟು ಉಬ್ಬೈತೆ? ತೆಗಿ ಈಚೆಗೆ."

ಚಿಂತಾಮಣಿ ಕಡೆಯಿಂದ ಬೆನ್ನುನೋವು ಹೊತ್ತು ಬಂದಿರುವ ಕೋನಪ್ಪ ಹಿಂದೆ ಮುಂದೆ ನೋಡುತ್ತಾರೆ. ಕೊನೆಗೆ ಪಂಚೆಯ ಮಡಿಕೆಯೊಳಗಿಂದ ಕಬ್ಬಿಣದ ಅಡಕೆ ಕತ್ತರಿಯೊಂದನ್ನು ತೆಗೆದು ಗಂಗುಲಮ್ಮನ ಅಂಗೈ ಮೇಲಿಡುತ್ತಾರೆ. "ಇಷ್ಟು ಚಿಕ್ಕದು ಏನು ಮಾಡ್ತದಮ್ಮ?" ಎಂದು ಗೊಣಗುತ್ತಾರೆ.

"ಇದೇನೂ ಮಾಡಲ್ಲ. ಒಳಗಿರೋ ಅಯಸ್ಕಾಂತ ಮಾಡ್ತೈತೆ. ಅದು ಎಳೆದಾಗ ಈ ಕತ್ತರಿ ಗುಂಡಿನಂಗೆ ಹಾರ್ಕೊಂಡು ಬಂದು ನಿನ್ನ ತಲೆಗೆ ಬಡಿದ್ರೆ ಬೆನ್ನುನೋವು ಮರ್ತೇ ಹೋಗ್ತೈತೆ. ಬೇಕಾ?"

ನಂದಿಬೆಟ್ಟದ ನೆತ್ತಿಗೆ ಇನ್ನೂ ಬಿಸಿಲು ತಾಕಿಲ್ಲ. ಚಿಕ್ಕಬಳ್ಳಾಪುರದ ಈ ಸ್ಕ್ಯಾನಿಂಗ್ ಸೆಂಟರಿನ ಒಳಗೆ ಆಗಲೇ ಟ್ಯೂಬ್‌ಲೈಟು ಉರಿಯುತ್ತಿದೆ. ಮಂಚೇನಹಳ್ಳಿಯಿಂದ ಮೊದಲ ಬಸ್ಸಿಗೆ ಬಂದಿಳಿದ ಗಂಗುಲಮ್ಮ ನೆಲ ಒರೆಸಿ, ಹಾಸಿಗೆಗೆ ಹೊಸ ಬಟ್ಟೆ ಹಾಸಿ, ಈಗ ಬಾಗಿಲಲ್ಲಿ ನಿಂತಿದ್ದಾರೆ. ಒಳಗೆ ಹೋಗುವವರ ಮೈಮೇಲೆ ಸೂಜಿಯಷ್ಟೂ ಲೋಹ ಇರದಂತೆ ನೋಡಿಕೊಳ್ಳುವುದು ಅವರ ಕೆಲಸ. ಜನರ ಕೆಲಸ ಬಚ್ಚಿಡುವುದು. ತಾಯಿತ, ಉಡಿದಾರದ ಬೆಳ್ಳಿ ಗುಂಡು, ತುರುಬಿನ ಪಿನ್ನು, ರವಿಕೆಗೆ ಚುಚ್ಚಿಕೊಂಡ ಸೇಫ್ಟಿ ಪಿನ್ನು ಹೀಗೆ ಒಂದೊಂದನ್ನೂ ಕೇಳಿ, ಗದರಿ, ಕಿತ್ತುಕೊಳ್ಳಬೇಕು. "ಪೊಲೀಸ್ ಸ್ಟೇಷನ್ನಾಗೆ ಇದ್ದಿದ್ರೆ ಇಷ್ಟೊತ್ತಿಗೆ ಎಸ್‌ಐ ಆಗ್ಬಿಡ್ತಿದ್ದೆ," ಎನ್ನುತ್ತಾರೆ. ನಗುವುದಿಲ್ಲ.

ಅವರ ಹುದ್ದೆಗೆ ಆಯಾ ಎಂದು ಹೆಸರು. ಆದರೆ ಗುರುವಾರ ಮಾತ್ರ ಅವರ ಕೆಲಸ ಬೇರೆಯಾಗುತ್ತದೆ. ಗುರುವಾರ ಬೆಂಗಳೂರಿನಿಂದ ಡಾಕ್ಟರ್ ರೂಪ ಬರುತ್ತಾರೆ. ವಯಸ್ಸಿಗೆ ತಕ್ಕಂತೆ ಬೆಳೆಯದ ಮಕ್ಕಳನ್ನು ನೋಡುವವರು. ರಕ್ತಪರೀಕ್ಷೆಯಲ್ಲಿ ಬೆಳವಣಿಗೆಯ ಹಾರ್ಮೋನು ಕಡಿಮೆ ಎಂದು ಗೊತ್ತಾದ ಮಕ್ಕಳಿಗೆ ಅವರು ತಲೆಯ ಎಂಆರ್‌ಐ ಬರೆಯುತ್ತಾರೆ. ಆ ಮಕ್ಕಳು ಸುರಂಗದಂಥ ಯಂತ್ರದೊಳಗೆ, ತಗಡಿನ ಮೇಲೆ ಸುತ್ತಿಗೆ ಬಡಿದಂಥ ಸದ್ದಿನ ನಡುವೆ, ಅರ್ಧ ಗಂಟೆಯಷ್ಟು ಹೊತ್ತು ಅಲ್ಲಾಡದೆ ಮಲಗಬೇಕು. ಚೂರು ಕತ್ತು ಹೊರಳಿದರೂ ಚಿತ್ರ ಕದಡಿಹೋಗುತ್ತದೆ. ಹಾಗೆ ಮಲಗಿಸುವುದು ಗಂಗುಲಮ್ಮನ ಪಾಲಿಗೆ ಬಂದಿರುವ ಕೆಲಸ. ಯಾರೂ ವಹಿಸಿದ್ದಲ್ಲ, ಬೇರೆ ಯಾರಿಂದಲೂ ಆಗದೆ ಇವರ ಕೊರಳಿಗೆ ಬಿದ್ದದ್ದು.

ಅದಕ್ಕೂ ಮೊದಲು ದೊಡ್ಡವರ ಜೊತೆ ಒಂದು ಸುತ್ತು ಜಗಳ ಆಗಲೇಬೇಕು. "ಮಗೂಗೆ ಬೆಳೀಬೇಕಾಗಿರೋದು ಕಾಲು. ತಲೆ ಫೋಟೋ ಯಾಕಮ್ಮ ತೆಗೀತೀರ?" ಎಂದು ಕೇಳದ ಅಪ್ಪನಿಲ್ಲ. ಹೇಳಿ ಹೇಳಿ ಗಂಗುಲಮ್ಮನ ನಾಲಿಗೆ ಸವೆದಿದೆ. "ನಿಮ್ಮ ತೋಟಕ್ಕೆ ನೀರು ಬರ್ಲಿಲ್ಲ ಅಂದ್ರೆ ಮೊದಲು ಎಲ್ಲಿಗೆ ಓಡ್ತೀರಪ್ಪ? ಸ್ಟಾರ್ಟರ್ ಪೆಟ್ಟಿಗೆ ಹತ್ರ ತಾನೆ? ಪೈಪ್ ಮುಂದೆ ಕೂತ್ಕೊಂಡು ಅಳಲ್ಲ ತಾನೆ? ಮಗೂಗೂ ಪೆಟ್ಟಿಗೆ ತಲೇಲೈತೆ." ಮೆದುಳಿನ ಬುಡದಲ್ಲಿ ಒಂದು ಗ್ರಂಥಿ ಇದೆ, ಕಡಲೆಕಾಳಿಗಿಂತ ಚಿಕ್ಕದು, ಬೆಳೆಯಲು ಅಪ್ಪಣೆ ಕೊಡುವುದು ಅದೇ ಎಂದು ಡಾಕ್ಟರು ಹೇಳಿದ್ದನ್ನು ಅವರು ಹೀಗೆ ದಾಟಿಸುತ್ತಾರೆ. ಕೆಲವು ಮಕ್ಕಳಲ್ಲಿ ಆ ಗ್ರಂಥಿ ಇನ್ನೂ ಸಣ್ಣದಿರುತ್ತದೆ, ಕೆಲವರಲ್ಲಿ ಅದನ್ನು ಮೆದುಳಿಗೆ ಸೇರಿಸುವ ಎಳೆ ತೀರಾ ತೆಳ್ಳಗಿರುತ್ತದೆ, ಅಪರೂಪಕ್ಕೆ ಪಕ್ಕದಲ್ಲೊಂದು ಗಡ್ಡೆ ಕೂತಿರುತ್ತದೆ. ಗಡ್ಡೆ ಇದ್ದರೆ ಬೆಳೆಸುವ ಇಂಜೆಕ್ಷನ್ ಶುರುಮಾಡುವಂತಿಲ್ಲ. ಹಾಗಾಗಿ ಚಿತ್ರ ಮೊದಲು, ಔಷಧ ಆಮೇಲೆ.

ಪೆಟ್ಟಿಗೆಯ ಮಾತು ಮುಗಿಯುವಷ್ಟರಲ್ಲಿ ಎರಡನೇ ಪ್ರಶ್ನೆ ಬರುತ್ತದೆ, ಅದೂ ಪಿಸುಮಾತಿನಲ್ಲಿ. "ಹಂಗಾದ್ರೆ ಬುದ್ಧಿನೂ ಕಮ್ಮೀನಾ?" ಈ ಪ್ರಶ್ನೆಗೆ ಗಂಗುಲಮ್ಮನಿಗೆ ಮೈಯೆಲ್ಲ ಉರಿಯುತ್ತದೆ. "ತಲೆ ಸ್ಕ್ಯಾನ್ ಅಂದ ತಕ್ಷಣ ಹುಚ್ಚು ಅಂದ್ಕೊಂಡ್ಬಿಡ್ತಾರೆ. ಊರಲ್ಲಿ ಹಲ್ಲು ತೋರಿಸೋಕೆ ಹೋಗ್ತೀವಿ ಅಂತ ಸುಳ್ಳು ಹೇಳಿ ಬರ್ತಾರೆ. ಮಗು ಮುಂದೇನೇ ಕೇಳ್ತಾರಲ್ಲ, ಅದಕ್ಕೆ ಕಿವಿ ಇಲ್ವಾ?"

ಗಂಗುಲಮ್ಮನ ವಯಸ್ಸು ಐವತ್ತು ದಾಟಿದೆ. ಮದುವೆಗೆ ಮುಂಚೆ ಶಿಡ್ಲಘಟ್ಟದ ಸುತ್ತಿನ ಹಳ್ಳಿಗಳಲ್ಲಿ ರೇಷ್ಮೆಹುಳದ ಮನೆಗಳಿಗೆ ಕೂಲಿಗೆ ಹೋಗುತ್ತಿದ್ದರು. ಸೊಪ್ಪು ಕತ್ತರಿಸುವುದು, ತಟ್ಟೆ ಬದಲಿಸುವುದು, ಕಸ ತೆಗೆಯುವುದು. ಆಮೇಲೆ ಗಾರೆ ಕೆಲಸದ ಮುನಿಗಂಗಪ್ಪನವರ ಕೈಹಿಡಿದು ಮಂಚೇನಹಳ್ಳಿಗೆ ಬಂದರು. ಗಂಡ ಕಟ್ಟಿದ ಗೋಡೆಗಳಿಗೆ ಇವರು ನೀರು ಹಾಕಿದರು, ಮಗಳು ಸಂಘಮಿತ್ರಳನ್ನು ಓದಿಸಿದರು. ಮಗಳು ಈಗ ಗೌರಿಬಿದನೂರಿನ ಹೈಸ್ಕೂಲೊಂದರಲ್ಲಿ ಟೀಚರು. ಕೆಲಸ ಬಿಟ್ಟು ಮನೆಯಲ್ಲಿರಮ್ಮ ಎಂದು ಅವಳ ಒತ್ತಾಯ. ತಾಯಿಯ ಉತ್ತರ ಯಾವಾಗಲೂ ಒಂದೇ: "ನಿನ್ನ ಕ್ಲಾಸಲ್ಲಿ ಮಕ್ಕಳು ಅಲ್ಲಾಡ್ದೆ ಕೂತ್ಕೊಳ್ತಾರೇನೇ? ನನ್ನ ಹತ್ರ ಮಲಗ್ತಾರೆ."

ಮಲಗಿಸುವ ಉಪಾಯ ಹುಳದ ಮನೆಯಿಂದ ಬಂದದ್ದು. ರೇಷ್ಮೆಹುಳ ಬದುಕಿನಲ್ಲಿ ನಾಲ್ಕು ಸಲ ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಕದಲದೆ ಕೂತುಬಿಡುತ್ತದೆ. ಹಳೇ ಚರ್ಮ ಕಳಚಿ ಏಳುತ್ತದೆ. ಎದ್ದ ಮೇಲೆ ಕಣ್ಣೆದುರೇ ಬೆಳೆಯುತ್ತದೆ. ಈ ಸೀಮೆಯಲ್ಲಿ ಅದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಗಂಗುಲಮ್ಮ ಸೆಂಟರಿನ ಹಿಂದಿನ ವರಾಂಡದಲ್ಲಿ ಒಂದು ಬೆಂಚಿಗೆ ಕಂಬಳಿ ಹೊದಿಸಿ ಗುಹೆ ಮಾಡಿಕೊಂಡಿದ್ದಾರೆ. ಮಗುವನ್ನು ಅದರೊಳಗೆ ಮಲಗಿಸಿ, ಬಿಸ್ಕತ್ತಿನ ಖಾಲಿ ಡಬ್ಬವನ್ನು ಕಿವಿಯ ಹತ್ತಿರ ಟಕಟಕನೆ ಬಡಿಯುತ್ತಾರೆ. "ಈಗ ನೀನು ಹುಳ. ಜ್ವರಕ್ಕೆ ಕೂತಿದ್ದೀಯ. ಕದಲಕೂಡದು ತಲ್ಲೀ, ಅಲ್ಲಾಡಬಾರ್ದು. ಎದ್ಮೇಲೆ ಬೆಳೀತೀಯ." ಹುಳ ಕಂಡು ಬೆಳೆದ ಮಕ್ಕಳಿಗೆ ಬೇರೆ ವಿವರಣೆ ಬೇಡ. ಗೌರಿಬಿದನೂರಿನ ಪೇಟೆ ಮಕ್ಕಳಿಗೆ ಮಾತ್ರ ಮೊದಲು ಹುಳ ಎಂದರೇನೆಂದು ಹೇಳಬೇಕು. "ಛೀ ಆಂಟಿ, ವರ್ಮಾ?" ಎಂದು ಮೂಗು ಮುರಿಯುತ್ತವೆ. "ಹೂಂ, ವರ್ಮೇ. ನೀನುಟ್ಟಿರೋ ಲಂಗ ಅದ್ರದ್ದೇ," ಎಂದು ಗದರುತ್ತಾರೆ.

ಪವಿತ್ರ ಪೇಟೆಯ ಮಗುವಲ್ಲ. ಶಿಡ್ಲಘಟ್ಟದ ಪಕ್ಕದ ಹಳ್ಳಿಯವಳು, ಹುಳದ ಮನೆಯಲ್ಲೇ ಹುಟ್ಟಿದವಳು. ಹತ್ತು ತುಂಬಿದೆ, ನೋಡಿದವರು ಆರು ಎನ್ನುತ್ತಾರೆ. ಮೈಗೆ ತಮ್ಮನಿಗೆ ಗಿಡ್ಡವಾದ ಅಂಗಿ. ಬಟ್ಟೆ ಅಕ್ಕನಿಂದ ತಮ್ಮನಿಗೆ ಇಳಿಯುವುದು ಎಲ್ಲೆಡೆಯ ರೂಢಿ, ಇವರ ಮನೆಯಲ್ಲಿ ತಮ್ಮನಿಂದ ಅಕ್ಕನಿಗೆ ಹತ್ತುತ್ತದೆ. ಹಾಗೆ ಎರಡು ವರ್ಷ ಹತ್ತಿದ ಮೇಲಷ್ಟೇ ಮನೆಯವರಿಗೆ ಏನೋ ಸರಿಯಿಲ್ಲ ಎನ್ನಿಸಿದ್ದು.

ಈ ಹುಡುಗಿಯ ಸ್ಕ್ಯಾನು ಎರಡು ಸಲ ಕೆಟ್ಟಿದೆ. ಮೊದಲ ಸಲ ಸದ್ದು ಶುರುವಾದದ್ದೇ ಚೀರಿ ಎದ್ದಳು. ಎರಡನೇ ಸಲ ಮಲಗಿದಳು, ಆದರೆ ಒಳಗೊಳಗೇ ಬಿಕ್ಕಿದ್ದರಿಂದ ಚಿತ್ರ ಹೊಗೆ ಹಿಡಿದಂತೆ ಬಂತು. ಬೆಂಗಳೂರಿಗೆ ಕರೆದೊಯ್ದು ಮತ್ತಿನ ಔಷಧ ಕೊಟ್ಟು ಮಾಡಿಸೋಣ ಎಂದರು ಡಾಕ್ಟರು. ಅಜ್ಜಿ ಅಮ್ಮಾಜಮ್ಮ ಸುತರಾಂ ಒಪ್ಪಲಿಲ್ಲ. ಮತ್ತಿನಲ್ಲಿ ಮಲಗಿ ಏಳದೇ ಹೋದ ಮಗುವೊಂದು ಅವರ ತವರಲ್ಲಿತ್ತು. "ಇನ್ನೊಂದು ಸಲ ಇಲ್ಲೇ ನೋಡ್ತೀವಿ. ಆಗ್ಲಿಲ್ವಾ, ಬಿಟ್ಬಿಡ್ತೀವಿ. ಹೆಣ್ಣುಮಗು, ಕುಳ್ಳಿ ಆದ್ರೆ ಕುಳ್ಳಿ. ಕುಳ್ಳೀರಿಗೆ ಮದ್ವೆ ಆಗಿಲ್ವಾ?" ಎಂದರು. ಮಗ ಮೋಹನ್‌ಬಾಬು ಅಮ್ಮನೆದುರು ತುಟಿ ಬಿಚ್ಚುವವರಲ್ಲ. ಅಲ್ಲಿಗೆ ಎಲ್ಲವೂ ಈ ಮೂರನೇ ಸಲದ ಮೇಲೆ ನಿಂತಿತು. ಮೂಳೆಗಳು ಕೂಡಿಕೊಂಡ ಮೇಲೆ ಯಾವ ಇಂಜೆಕ್ಷನ್ನೂ ಬೆಳೆಸುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಗಂಗುಲಮ್ಮನ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಹಿಂದಿನ ವಾರ ಅಜ್ಜಿ ಮೊಮ್ಮಗಳನ್ನು ಅಭ್ಯಾಸಕ್ಕೆ ಕರೆಸಿಕೊಂಡಿದ್ದರು. ಕಂಬಳಿಯ ಗುಹೆಯಲ್ಲಿ ಹುಡುಗಿ ಕಲ್ಲಿನಂತೆ ಮಲಗಿದಳು. ಅಮ್ಮಾಜಮ್ಮ ಪಕ್ಕದಲ್ಲಿ ಕೂತು ಇವರನ್ನೇ ಮೇಲಿಂದ ಕೆಳಗೆ ಅಳೆಯುತ್ತಿದ್ದರು. "ನೀನು ಯಾವ ಕಡೆಯೋಳಮ್ಮ?" ಎಂದು ಕೇಳಿದರು. ಕೇಳುತ್ತಿರುವುದು ಊರನ್ನಲ್ಲ ಎಂದು ಗಂಗುಲಮ್ಮನಿಗೆ ಗೊತ್ತಾಯಿತು. "ಸ್ಕ್ಯಾನಿಂಗ್ ಸೆಂಟರ್ ಕಡೆಯೋಳು," ಎಂದು ಡಬ್ಬ ಬಡಿಯುವುದನ್ನು ಮುಂದುವರಿಸಿದರು. ಹೊರಡುವಾಗ ಒಂದು ಮಾತು ಹೇಳಿದರು: "ಮನೇಲೂ ಇದೇ ಆಟ ಆಡಿಸ್ರಿ. ಗುರುವಾರ ಬರುವಾಗ ಜ್ವರಕ್ಕೆ ಕೂತ ಹುಳ ಎಂಗಿರ್ತದೋ ಹಂಗೇ ಕರ್ಕೊಂಡು ಬನ್ನಿ."

ಅಮ್ಮಾಜಮ್ಮ ಹಾಗೇ ಕರೆತಂದಿದ್ದಾರೆ.

ಈ ಗುರುವಾರ ಪವಿತ್ರ ಅಪ್ಪನ ಹೆಗಲ ಮೇಲೆ ಒರಗಿಕೊಂಡು ಬಂದಿದ್ದಾಳೆ. ಅಳುವಿಲ್ಲ, ರಚ್ಚೆಯಿಲ್ಲ. ಕಿವಿಯ ವಾಲೆ ಬಿಚ್ಚಿದರೂ ಕಮಕ್ ಕಿಮಕ್ ಎನ್ನುವುದಿಲ್ಲ. "ಪರವಾಗಿಲ್ಲ ಕಣೋ ನರೇಂದ್ರ, ಈ ಸಲ ಚಿನ್ನದಂಗೆ ಐತೆ ಮಗು," ಎಂದು ಗಂಗುಲಮ್ಮ ಯಂತ್ರ ನಡೆಸುವ ಹುಡುಗನಿಗೆ ಕೂಗಿ ಹೇಳುತ್ತಾರೆ. ಹೇಳುತ್ತಲೇ ಹುಡುಗಿಯ ಹಣೆಯ ಮೇಲಿನ ಕೂದಲು ಸರಿಸುತ್ತಾರೆ. ಕೈ ಒದ್ದೆಯಾಗುತ್ತದೆ. ಎಸಿಯ ಥಂಡಿಯಲ್ಲಿ ದೊಡ್ಡವರೇ ಶಾಲು ಹೊದ್ದಿರುವಾಗ ಈ ಮಗು ಬೆವೆತಿದೆ.

"ಪವಿತ್ರಾ, ನಿನ್ನ ತಮ್ಮನ ಹೆಸರೇನಮ್ಮ?"

ಹುಡುಗಿ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚುತ್ತಾಳೆ.

"ಏನು ತಿಂದೈತೆ ಇವತ್ತು ಮಗು?" ಗಂಗುಲಮ್ಮನ ದನಿ ಏರುತ್ತದೆ.

ಅಮ್ಮಾಜಮ್ಮ ಎದೆಯುಬ್ಬಿಸಿ ಹೇಳುತ್ತಾರೆ: "ಏನೂ ಕೊಟ್ಟಿಲ್ಲ ಕಣಮ್ಮ. ನಿನ್ನೆ ಮಧ್ಯಾಹ್ನ ಉಂಡಿದ್ದೇ ಕೊನೆ. ಜ್ವರಕ್ಕೆ ಕೂತ ಹುಳಕ್ಕೆ ಯಾರಾದ್ರೂ ಸೊಪ್ಪು ಹಾಕ್ತಾರಾ? ಹಾಕಿದ್ರೆ ಹುಳ ಕೆಡ್ತದೆ. ನಂಗೆ ಹೇಳ್ಕೊಡ್ತೀಯಾ?"

ಜ್ವರದ ಹುಳಕ್ಕೆ ಸೊಪ್ಪು ಹಾಕಬಾರದು. ಹುಳದ ಮನೆಯ ಮೊದಲ ಪಾಠ ಅದು, ಗಂಗುಲಮ್ಮ ತಾವೇ ಹತ್ತಾರು ಹುಡುಗಿಯರಿಗೆ ಹೇಳಿಕೊಟ್ಟದ್ದು. ಹುಳದ ಮಾತಿಗೆ ಬಾಲವೂ ಇರುತ್ತದೆಂದು ಯಾಕೆ ಹೊಳೆಯಲಿಲ್ಲ? ಅವರು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗುತ್ತಾರೆ. "ನರೇಂದ್ರಾ! ಶುಗರ್ ನೋಡೋ ಮಿಶಿನ್ ತಗೊಂಬಾರೋ! ಡಾಕ್ಟರನ್ನ ಕರಿಯೋ! ಅಯ್ಯೋ ನಿಮ್ಮ ಹುಳದ ಮನೆ ಹಾಳಾಗ, ಇದು ಮಗು ಕಣಮ್ಮಾ, ಮಗು!"

ಈ ಹಾರ್ಮೋನು ಕಡಿಮೆ ಇರುವ ಮಕ್ಕಳು ಹೆಚ್ಚು ಹೊತ್ತು ಹಸಿದಿದ್ದರೆ ರಕ್ತದ ಸಕ್ಕರೆ ಬೇಗ ಕುಸಿಯಬಹುದು. ಪವಿತ್ರಳ ಬೆರಳಿಗೆ ಚುಚ್ಚಿ ನೋಡಿದ ಸೆಂಟರಿನ ಡಾಕ್ಟರ ಮುಖ ಗಂಭೀರವಾಗುತ್ತದೆ. ಗ್ಲೂಕೋಸ್ ನೀರು ಗುಟುಕು ಗುಟುಕಾಗಿ ಒಳಗೆ ಹೋಗುತ್ತದೆ. ಗಂಗುಲಮ್ಮ ತಮ್ಮ ಬುತ್ತಿಯ ಡಬ್ಬಿ ಬಿಚ್ಚಿ ಉಪ್ಪಿಟ್ಟು ಕೈಗೆತ್ತಿಕೊಂಡಾಗ ಅಮ್ಮಾಜಮ್ಮನ ಕಣ್ಣು ಆ ಡಬ್ಬಿಯ ಮೇಲೆ ಒಂದಿಷ್ಟು ಹೊತ್ತು ನಿಲ್ಲುತ್ತದೆ. "ಆಮೇಲೆ ಯೋಚ್ನೆ ಮಾಡಿ ಅಮ್ಮ. ಈಗ ತಿನ್ಲಿ," ಎನ್ನುತ್ತಾರೆ ಗಂಗುಲಮ್ಮ, ತಲೆ ಎತ್ತದೆ. ಹುಡುಗಿ ಎರಡು ತುತ್ತು ನುಂಗಿ, ಮೂರನೆಯದಕ್ಕೆ ತಾನೇ ಬಾಯಿ ತೆರೆಯುತ್ತಾಳೆ.

ಸರದಿ ತಪ್ಪಿತು. ಎರಡು ಗಂಟೆ ಕಾದು, ಸಕ್ಕರೆ ಮತ್ತೆ ಕುಸಿದಿಲ್ಲ ಎಂದು ಖಾತ್ರಿಯಾದರೆ ಮಾತ್ರ ಕೊನೆಯಲ್ಲಿ ಮಾಡೋಣ ಎನ್ನುತ್ತಾರೆ ಡಾಕ್ಟರು. ವರಾಂಡದ ಬೆಂಚಿನ ಈ ತುದಿಯಲ್ಲಿ ಗಂಗುಲಮ್ಮ, ಆ ತುದಿಯಲ್ಲಿ ಅಮ್ಮಾಜಮ್ಮ. ಇಬ್ಬರ ಮುಖವೂ ದುಮುದುಮು.

"ನೀನು ಹೇಳಿದ್ದನ್ನೇ ನಾನು ಮಾಡಿದ್ದು," ಎಂದು ಅಮ್ಮಾಜಮ್ಮ ಗೋಡೆಗೆ ಹೇಳುತ್ತಾರೆ.

"ಹೌದಮ್ಮ, ನಂದೇ ತಪ್ಪು. ಸೊಪ್ಪಿನ ಮಾತು ಹೇಳ್ಬೇಕಿತ್ತು, ಬಿಟ್ಟೆ. ಆದ್ರೆ ಮಗು ಹಸಿವು ಅನ್ಲಿಲ್ವಾ?"

"ಅಂತು. ಬೆಳೀಬೇಕು ಅಂದ್ರೆ ತಡ್ಕೋ ಅಂದೆ. ತಡ್ಕೊಂತು."

ಗಂಗುಲಮ್ಮ ಬುತ್ತಿಯ ಡಬ್ಬಿಗೆ ಮುಚ್ಚಳ ಒತ್ತುತ್ತಾರೆ. ಅಮ್ಮಾಜಮ್ಮನೇ ಮತ್ತೆ ಮಾತು ತೆಗೆಯುತ್ತಾರೆ. ಮೊಮ್ಮಗನನ್ನು ಅವನ ತಾತ ಮುನಿಶಾಮಪ್ಪ ಪ್ರತಿ ಯುಗಾದಿಗೂ ನಡುಮನೆಯ ಕಂಬಕ್ಕೆ ನಿಲ್ಲಿಸಿ ಗೆರೆ ಎಳೆಯುತ್ತಾರಂತೆ. ಕಂಬದ ತುಂಬ ಗೆರೆ.

"ಇವಳದ್ದು?"

"ಇವಳದ್ದು ಯಾರೂ ಎಳೀಲಿಲ್ಲ." ಸೆರಗಿನ ತುದಿಯಲ್ಲಿ ಮುಖ ಒರೆಸಿಕೊಳ್ಳುತ್ತಾರೆ. "ಎಳ್ದಿದ್ರೆ ಆವಾಗ್ಲೇ ಗೊತ್ತಾಗ್ತಿತ್ತು ಅಲ್ವಾ?"

ಅಷ್ಟರಲ್ಲಿ ಇನ್ನೊಂದು ತಲೆನೋವು. ಹೊಟ್ಟೆಗೆ ಬಿದ್ದ ಮೇಲೆ ಪವಿತ್ರ ಚಿಗುರಿಕೊಂಡಿದ್ದಾಳೆ. ವರಾಂಡದ ಉದ್ದಕ್ಕೂ ಓಡುತ್ತಾಳೆ, ರಿಪೋರ್ಟಿಗೆ ಕಾದು ಕೂತಿರುವ ಕೋನಪ್ಪನ ಊರುಗೋಲು ಕಿತ್ತುಕೊಂಡು ಅವರಿಗೇ ಬಡಿಯುವ ಆಟವಾಡುತ್ತಾಳೆ. ಬೆಳಗಿನ ಚಿನ್ನದಂಥ ಮಗು ಎಲ್ಲಿ, ಈ ಮಂಗ ಎಲ್ಲಿ! ಸರದಿ ಬಂದು ಮಲಗಿಸಲು ಹೋದರೆ ಕಿಸಕ್ಕನೆ ನಗುತ್ತಾಳೆ, ಮುಖಕ್ಕೆ ಪಂಜರದಂಥದ್ದು ಇಟ್ಟರೆ ಅಳುತ್ತಾಳೆ. "ಅಜ್ಜಿ ಬರ್ಲಿ. ಅಜ್ಜಿ ಇದ್ರೆ ಮಲಗ್ತೀನಿ," ಎಂದು ಪಟ್ಟು ಹಿಡಿಯುತ್ತಾಳೆ.

"ಗಂಗಕ್ಕಾ, ನಮ್ಮ ಸೆಂಟರ್ ಡಾಕ್ಟರು ಹೊರಡ್ತಾರೆ. ಇನ್ನೊಂದೇ ಸಲ ಟ್ರೈ ಮಾಡೋಣ, ಅಷ್ಟೇ," ಎಂದು ನರೇಂದ್ರ ಗಡಿಯಾರ ತೋರಿಸುತ್ತಾನೆ.

ಒಬ್ಬರು ಜೊತೆಗೆ ನಿಲ್ಲಬಹುದು. ಆದರೆ ನಿಲ್ಲುವವರ ಮೈಮೇಲೂ ಲೋಹ ಇರಬಾರದು. ಅಮ್ಮಾಜಮ್ಮನ ಮೂಗುಬೊಟ್ಟು ಮದುವೆಯಲ್ಲಿ ಇಟ್ಟದ್ದು, ತಿರುಪು ಹಿಡಿದುಬಿಟ್ಟಿದೆ. ಕೊಬ್ಬರಿ ಎಣ್ಣೆ, ಆಮೇಲೆ ಸೋಪು, ಆಮೇಲೆ ಗಂಗುಲಮ್ಮನ ಉಗುರು. ಅಂತೂ ಬರುತ್ತದೆ. ಕಾಲುಂಗುರ ಬರುತ್ತದೆ. ತಾಳಿಯ ಮೇಲೆ ಮಾತ್ರ ಅಮ್ಮಾಜಮ್ಮನ ಕೈ ಬಿಗಿಯಾಗಿ ಕೂರುತ್ತದೆ. "ಗಂಡ ಬದುಕಿರುವಾಗ ಬರೀ ಕತ್ತಲ್ಲಿ ನಿಲ್ಲಲಾ?"

"ಬರೀ ಕತ್ತು ಯಾಕಮ್ಮ? ನಾನೇನು ನಿಮ್ಮ ಶತ್ರುವಾ?" ಗಂಗುಲಮ್ಮ ತಮ್ಮ ಚೀಲದಿಂದ ಅರಿಶಿನ ಕೊಂಬು ಕಟ್ಟಿದ ಹಳದಿ ದಾರವೊಂದನ್ನು ತೆಗೆಯುತ್ತಾರೆ. ಇಂಥ ದಾರಗಳನ್ನು ಮನೆಯಲ್ಲೇ ಅರಿಶಿನದಲ್ಲಿ ಅದ್ದಿ ಒಣಗಿಸಿ ತಂದಿಟ್ಟಿರುತ್ತಾರೆ. ಇಲ್ಲದಿದ್ದರೆ ಈ ಜಿಲ್ಲೆಯ ಅರ್ಧ ಹೆಂಗಸರು ಬಾಗಿಲಿಂದಲೇ ವಾಪಸು ಹೋಗುತ್ತಿದ್ದರು. ಅಮ್ಮಾಜಮ್ಮ ದಾರ ಈಸಿಕೊಂಡು ಕೊರಳ ಹಿಂದೆ ಗಂಟು ಹಾಕಲು ನೋಡುತ್ತಾರೆ, ಬೆರಳು ನಡುಗಿ ಜಾರುತ್ತದೆ. ಮತ್ತೊಮ್ಮೆ ಜಾರುತ್ತದೆ.

"ನೀನೇ ಕಟ್ಟಮ್ಮ," ಎಂದು ಬೆನ್ನು ತಿರುಗಿಸಿ, ತುರುಬು ಎತ್ತಿ ಹಿಡಿಯುತ್ತಾರೆ.

ಗಂಗುಲಮ್ಮ ಮೂರು ಗಂಟು ಹಾಕುತ್ತಾರೆ.

ಬಾಗಿಲು ಮುಚ್ಚುತ್ತದೆ. ಗಾಜಿನ ಈಚೆ ಗಂಗುಲಮ್ಮ, ಆಚೆ ಮೊಮ್ಮಗಳ ಕಾಲಿನ ಹೆಬ್ಬೆರಳು ಹಿಡಿದು ನಿಂತ ಅಮ್ಮಾಜಮ್ಮ. ಯಂತ್ರ ಬಡಿಯತೊಡಗುತ್ತದೆ. ಹುಳದ ಮನೆಯಲ್ಲಿ ಯಾರೂ ದನಿ ಎತ್ತುವುದಿಲ್ಲ, ಕಾಲು ಸಪ್ಪಳ ಮಾಡುವುದಿಲ್ಲ. ಅಲ್ಲಿ ಜೀವ ತೇದ ಹೆಂಗಸು ಹೇಗೆ ನಿಲ್ಲಬೇಕೋ ಹಾಗೆಯೇ ನಿಂತಿದ್ದಾರೆ ಅಮ್ಮಾಜಮ್ಮ, ಕಣ್ಣು ಮಾತ್ರ ಆ ಪುಟ್ಟ ಪಾದದ ಮೇಲೆ. ಪಾದ ಒಂದು ಸಲ ಮಿಡುಕಿದಂತೆ ಕಂಡು ಗಂಗುಲಮ್ಮ ಸೆರಗು ಕಚ್ಚುತ್ತಾರೆ. ಅಜ್ಜಿಯ ಹೆಬ್ಬೆರಳು ಅದನ್ನು ಮೆಲ್ಲಗೆ ಅದುಮುತ್ತದೆ. ಪಾದ ಸುಮ್ಮನಾಗುತ್ತದೆ. ಸದ್ದು ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ.

"ಬಂತು ಗಂಗಕ್ಕ," ಎನ್ನುತ್ತಾನೆ ನರೇಂದ್ರ. "ನೀಟಾಗಿ ಬಂತು."

ಪರದೆಯ ಮೇಲೆ ಬೂದುಬಣ್ಣದ ಮಡಿಕೆಗಳು, ಅವುಗಳ ಬುಡದಲ್ಲಿ ಒಂದು ಚುಕ್ಕೆ. ಗಂಗುಲಮ್ಮನಿಗೆ ಅದರಲ್ಲಿ ಏನೂ ತಿಳಿಯುವುದಿಲ್ಲ, ತಿಳಿದವರಂತೆ ನಟಿಸುವುದೂ ಇಲ್ಲ. "ಕದಡಿಲ್ಲ ತಾನೆ? ಅಷ್ಟು ಹೇಳು ಸಾಕು," ಎಂದು ಹಾಸಿಗೆಯ ಬಟ್ಟೆ ಬದಲಿಸಲು ಒಳಗೆ ಹೋಗುತ್ತಾರೆ.

ಮುಂದಿನ ಗುರುವಾರ ಡಾಕ್ಟರ್ ರೂಪ ಚಿತ್ರ ನೋಡಿ ಹೇಳುತ್ತಾರೆ: ಗ್ರಂಥಿ ಸಣ್ಣದಿದೆ, ಗಡ್ಡೆ ಇಲ್ಲ, ಮೆದುಳಿನ ಉಳಿದ ಭಾಗಗಳಲ್ಲಿ ಚಿಂತೆ ಮಾಡುವಂಥದ್ದೇನೂ ಕಾಣುತ್ತಿಲ್ಲ. ಇಂಜೆಕ್ಷನ್ ಶುರುಮಾಡಬಹುದು, ಹಸಿದಿರಲು ಮಾತ್ರ ಬಿಡಲೇಬಾರದು. ಕೊನೆಯ ಮಾತು ಹೇಳುವಾಗ ಡಾಕ್ಟರ ದೃಷ್ಟಿ ಬಾಗಿಲಲ್ಲಿದ್ದ ಗಂಗುಲಮ್ಮನ ಕಡೆಗೂ ಹರಿಯುತ್ತದೆ. ಇವರು ನೆಲ ನೋಡುತ್ತಾರೆ. ಅಮ್ಮಾಜಮ್ಮ ಕೇಳಿಸಿಕೊಂಡು ಹೊರಗೆ ಬಂದವರೇ ಗಂಗುಲಮ್ಮನ ಮೇಲೆ ರೇಗುತ್ತಾರೆ. "ದಿನಾ ಸೂಜಿ ಚುಚ್ಚಬೇಕಂತೆ ಕಣೇ, ವರ್ಷಗಟ್ಟಲೆ! ಅದನ್ನ ಫ್ರಿಜ್ಜಲ್ಲಿಡಬೇಕಂತೆ. ಯಾರು ಚುಚ್ಚೋದು? ನನ್ನ ಮಗನಿಗೆ ಸೂಜಿ ಕಂಡ್ರೆ ತಲೆ ತಿರುಗ್ತದೆ."

"ನೀವೇ ಚುಚ್ಚಿ ಅಮ್ಮ. ನಿಮ್ಮ ಕೈ ನಡುಗಲ್ಲ ಈಗ."

"ನಾನೇ ಚುಚ್ಚಬೇಕು, ಇನ್ಯಾರು? ಆ ಗಂಡುಸಿಂದ ಆಗ್ತದಾ?" ಎಂದು ಬೈಯುತ್ತಲೇ ಅಮ್ಮಾಜಮ್ಮ ಮೊಮ್ಮಗಳ ಕೈ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ಹೊರಡುತ್ತಾರೆ.

ಗಂಗುಲಮ್ಮ ಹುಳದ ಆಟ ಬಿಟ್ಟಿಲ್ಲ. ಈಗ ಅದರ ಜೊತೆ, "ತಿಂಡಿ ತಿನ್ನಿಸ್ಕೊಂಡು ಬನ್ನಿ, ಇದು ಹುಳ ಅಲ್ಲ, ಮಗು," ಎಂದು ಒಬ್ಬೊಬ್ಬರಿಗೂ ಮೂರು ಸಲ ಹೇಳುವ ಕೆಲಸವೂ ಸೇರಿಕೊಂಡಿದೆ. ಮೂರು ಸಲ ಹೇಳಿದರೂ ಒಬ್ಬರಾದರೂ, "ಏನಂದ್ರಿ?" ಎನ್ನುತ್ತಾರೆ. ಅವರು ಹಣೆ ಚಚ್ಚಿಕೊಳ್ಳುತ್ತಾರೆ.

ಇಷ್ಟೆಲ್ಲ ಒದ್ದಾಡುತ್ತೀರಲ್ಲ, ನಿಮಗೇನು ಬೇಕು ಎಂದು ಕೇಳಿದರೆ, ಅದೂ ಒಂದು ಕಿರಿಕಿರಿ ಎಂಬಂತೆ ನೋಡುತ್ತಾರೆ. ಕಸಬರಿಕೆ ಗೋಡೆಗೆ ಒರಗಿಸಿ ಸ್ವಲ್ಪ ಯೋಚಿಸುತ್ತಾರೆ.

"ಆ ಮಗು ಇನ್ನೈದಾರು ವರ್ಷ ಬಿಟ್ಟು ಈ ಬಾಗಿಲಿಗೆ ಬರ್ಬೇಕು. ನನಗೆ ಗುರುತು ಸಿಗಬಾರ್ದು. 'ಯಾರಮ್ಮ ಅದು ಬೆಳಕಿಗೆ ಅಡ್ಡ ನಿಂತಿರೋಳು, ಸರಿ ಈ ಕಡೆ' ಅಂತ ನಾನು ಬೈಬೇಕು."